ಭಾನುವಾರದ ಗೋಷ್ಠಿಯ ಮೇಷ್ಟ್ರು: ಡಿ.ವಿ.ಜಿ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಬೋಧನಾಭ್ಯಾಸದ ಪಾಠಗಳನ್ನು ವೀಕ್ಷಿಸುವಾಗ ಪಾಠಯೋಜನೆಗಳಲ್ಲಿ ಚರ್ಚಾ ಪದ್ಧತಿ ಎಂಬ ಪದವನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ತರಗತಿಯಲ್ಲಿ ಚರ್ಚೆ ನಡೆಯುವುದು ಅಪರೂಪ. ಪ್ರಶಿಕ್ಷಣಾರ್ಥಿ ಪ್ರಶ್ನೆ ಕೇಳುತ್ತಾರೆ, ಒಬ್ಬ ವಿದ್ಯಾರ್ಥಿ ಒಂದು ಪದದ ಉತ್ತರ ಕೊಡುತ್ತಾನೆ, ಪಾಠ ಮುಂದೆ ಸಾಗುತ್ತದೆ. ಚರ್ಚೆ ನಡೆಸುವುದು ಹೇಗೆಂದು ಕೇಳಿದವರಿಗೆ ನಾನು ಡಿ.ವಿ. ಗುಂಡಪ್ಪನವರ ಬದುಕನ್ನು ಹೇಳುತ್ತೇನೆ. ಮಂಕುತಿಮ್ಮನ ಕಗ್ಗದ ಕವಿಯಾಗಿ ಅವರನ್ನು ಎಲ್ಲರೂ ಬಲ್ಲರು. ಸಾರ್ವಜನಿಕ ಉಪನ್ಯಾಸಗಳ ಮೂಲಕ ಪ್ರಜೆಗಳಿಗೆ ಪಾಠ ಹೇಳಿದ ಮೇಷ್ಟ್ರಾಗಿ ಬಲ್ಲವರು ಕಡಿಮೆ.

ಗುಂಡಪ್ಪನವರು ಹುಟ್ಟಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಮೆಟ್ರಿಕ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಶಾಲೆಯ ಓದು ಅಲ್ಲಿಗೇ ನಿಂತಿತು. ಹೊಟ್ಟೆಪಾಡಿಗಾಗಿ ಸೋಡಾ ಕಾರ್ಖಾನೆಯಲ್ಲೂ ಕೆಲಸ ಮಾಡಿದರು. ಸಂಸ್ಕೃತ, ಇಂಗ್ಲಿಷ್, ರಾಜ್ಯಶಾಸ್ತ್ರಗಳನ್ನು ಬಹುಪಾಲು ಸ್ವಂತ ಶ್ರಮದಿಂದ ಕಲಿತರು. ಬೆಂಗಳೂರಿಗೆ ಬಂದು ಪತ್ರಕರ್ತರಾದರು, ಕರ್ನಾಟಕ ಎಂಬ ಹೆಸರಿನ ಇಂಗ್ಲಿಷ್ ಪತ್ರಿಕೆ ನಡೆಸಿದರು. ಮುಂದೆ ಮೈಸೂರು ಶಾಸನ ಸಭೆಯ ಸದಸ್ಯರೂ ಆದರು. ದಿವಾನರ ಸ್ನೇಹ ಅವರಿಗಿತ್ತು. ಆ ಸ್ನೇಹವು ಸರ್ಕಾರವನ್ನು ಟೀಕಿಸಲು ಅಡ್ಡಿಯಾಗಲಿಲ್ಲ. ಟೀಕೆಯಿಂದ ಸ್ನೇಹವೂ ಕೆಡಲಿಲ್ಲ.

1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬಳಿಕ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದಾಗ ವಸಂತ ಸಾಹಿತ್ಯೋತ್ಸವಗಳನ್ನು ಆರಂಭಿಸಿ, ಸಾಹಿತ್ಯದ ಮಾತನ್ನು ಜನರ ನಡುವೆ ತಂದರು.

1945ರಲ್ಲಿ ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಗೋಪಾಲಕೃಷ್ಣ ಗೋಖಲೆಯವರು ನಮ್ಮ ಹುಕ್ಕೇರಿಗೆ ದೂರವಲ್ಲದ ಕೊಲ್ಹಾಪುರದಲ್ಲಿ ಓದಿದವರು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದವರು. ವಿಷಯವನ್ನು ಪೂರ್ತಿ ತಿಳಿದ ಮೇಲೆಯೇ ಮಾತಾಡುವುದು, ಎದುರಾಳಿಯೊಡನೆ ಸೌಜನ್ಯ ಬಿಡದಿರುವುದು ಅವರ ರೀತಿ. ಡಿ.ವಿ.ಜಿ. ಅವರನ್ನೇ ಆದರ್ಶವೆಂದು ಬಗೆದು ಕನ್ನಡದಲ್ಲಿ ಅವರ ಚರಿತ್ರೆ ಬರೆದಿದ್ದರು. ಮತ ಹಾಕುವ ಹಕ್ಕು ಬಂದರೆ ಸಾಲದು, ಮತದಾರನಿಗೆ ತಿಳಿವಳಿಕೆಯೂ ಬೇಕು ಎಂಬ ನಂಬಿಕೆಯಿಂದ ಸಂಸ್ಥೆ ಹುಟ್ಟಿತು. ಪಕ್ಷ ರಾಜಕಾರಣದಿಂದ ಅದನ್ನು ದೂರವಿಟ್ಟರು.

ಭಾನುವಾರಗಳಂದು ಅಲ್ಲಿ ಅಧ್ಯಯನಗೋಷ್ಠಿ ಸೇರುತ್ತಿತ್ತು. ವಯಸ್ಸು, ಉದ್ಯೋಗಗಳ ಭೇದವಿಲ್ಲದೆ ಜನ ಬರುತ್ತಿದ್ದರು. ಹಾಜರಿ ಪುಸ್ತಕವಿಲ್ಲ, ಅಂಕವಿಲ್ಲ, ಪ್ರಮಾಣಪತ್ರವಿಲ್ಲ. ಒಂದು ಗ್ರಂಥವನ್ನು ಹಿಡಿದು ವಾರವಾರವೂ ಓದಿ ವಿವರಿಸುವುದು, ಬಂದವರ ಸಂಶಯಗಳಿಗೆ ಉತ್ತರಿಸುವುದು ಅಲ್ಲಿಯ ಕ್ರಮ. ಗೀತೆಯ ಕುರಿತ ಅವರ ಉಪನ್ಯಾಸಗಳು ಜೀವನಧರ್ಮಯೋಗ ಎಂಬ ಗ್ರಂಥವಾಗಿ, ಅದಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರಾಜ್ಯಶಾಸ್ತ್ರದ ಜೊತೆಗೆ ಸಂಗೀತ, ಕಲೆಗಳೂ ಅವರ ಆಸಕ್ತಿಯೊಳಗಿದ್ದವು. ಜ್ಞಾಪಕ ಚಿತ್ರಶಾಲೆಯ ಒಂದು ಸಂಪುಟವೇ ಕಲೋಪಾಸಕರದು. ಅವರ ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನಿಯಾಗಿ, ವಿಜ್ಞಾನವನ್ನು ರಸವತ್ತಾದ ಕನ್ನಡದಲ್ಲಿ ಬರೆದರು. 1970ರಲ್ಲಿ ನಾಡು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಡಿ.ವಿ.ಜಿ. ತಮಗಾಗಿ ಇಟ್ಟುಕೊಳ್ಳದೆ ಸಂಸ್ಥೆಗೇ ಕೊಟ್ಟರು. 1974ರಲ್ಲಿ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 7ರಂದು ತೀರಿಕೊಂಡರು. ಬುಲ್ ಟೆಂಪಲ್ ರಸ್ತೆಯ ಸಂಸ್ಥೆ ಅವರ ನಂತರವೂ ನಡೆದುಬಂದಿದೆ.

ಈ ಬದುಕಿನಿಂದ ಪ್ರಶಿಕ್ಷಣಾರ್ಥಿಗಳು ತರಗತಿಗೆ ಒಯ್ಯಬಹುದಾದ ಮೂರು ಅಂಶಗಳನ್ನು ನಾನು ಗುರುತಿಸುತ್ತೇನೆ. ಒಂದು, ಚರ್ಚೆಗೆ ಮುಂಚೆ ಎಲ್ಲರೂ ಓದಿರಬೇಕು. ತಿಳಿಯದೆ ಆಡಿದ ಮಾತು ಗದ್ದಲವಾಗುತ್ತದೆ. ಎರಡು, ಎದುರಿನವರ ವಾದವನ್ನು ಅವರು ಒಪ್ಪುವಂತೆ ಮೊದಲು ಹೇಳಿ, ಆಮೇಲೆ ತನ್ನದನ್ನು ಹೇಳಬೇಕು. ಮೂರು, ಚರ್ಚೆ ಒಂದು ದಿನಕ್ಕೆ ಮುಗಿಯಬಾರದು. ಮುಂದಿನ ವಾರವೂ ಅದೇ ಜನ ಕೂಡಬೇಕು. ನಾಳೆ ಮತ್ತೆ ಎದುರುಬದುರು ಕೂರಬೇಕೆಂಬ ಅರಿವಿದ್ದರೆ ನಾಲಿಗೆ ತಾನಾಗಿಯೇ ಹದಕ್ಕೆ ಬರುತ್ತದೆ.

ವಿಷಯಗಳಿಗೆ ನಮ್ಮಲ್ಲಿ ಬರವಿಲ್ಲ. ಗೋಕಾಕ ಜಲಪಾತದ ನೀರಿನ ಬಲ ಗಿರಣಿಯನ್ನು ನಡೆಸಿದ್ದು ಹೇಗೆ ಎಂಬುದು ವಿಜ್ಞಾನದ ಗೋಷ್ಠಿಯಾಗಲಿ. ಮೂಡಲಗಿ ತಾಲೂಕಿನ ಕುಲಗೋಡ ತಮ್ಮಣ್ಣನವರ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತ, ದೂತಿಯರ ಮಾತಿನ ಚಕಮಕಿ ಮನಸ್ಸು ನೋಯಿಸದೆ ನಗಿಸುವುದು ಹೇಗೆ ಎಂಬುದು ಕಲೆಯ ಗೋಷ್ಠಿಯಾಗಲಿ. ಹುಕ್ಕೇರಿಯ ಹಿಡಕಲ್ ಜಲಾಶಯದ ನೀರು ಬೇಸಿಗೆಯಲ್ಲಿ ಮೊದಲು ಕಬ್ಬಿಗೋ ಕುಡಿಯಲಿಕ್ಕೋ ಎಂಬುದು ಪೌರನೀತಿಯ ಗೋಷ್ಠಿಯಾಗಲಿ. ಕಬ್ಬು ಬೆಳೆಯುವವರ ಮಕ್ಕಳೂ ಕೊಡ ಹೊರುವವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ಊರುಗಳಿವು. ಇಲ್ಲಿ ಸೌಜನ್ಯದಿಂದ ವಾದಿಸಲು ಕಲಿತ ಮಗು ನಾಳೆ ಗ್ರಾಮಸಭೆಯಲ್ಲೂ ಹಾಗೆಯೇ ಮಾತಾಡೀತು.

ಶನಿವಾರದ ಕೊನೆಯ ಅವಧಿ ಇದಕ್ಕೆ ಸಾಕು. ಮೌಲ್ಯಮಾಪನದ ಅಂಕಣದಲ್ಲಿ ಎಷ್ಟು ಮಕ್ಕಳು ಸರಿಯುತ್ತರ ಕೊಟ್ಟರು ಎಂಬುದರ ಜೊತೆಗೆ ಎಷ್ಟು ಮಕ್ಕಳು ಪ್ರಶ್ನೆ ಕೇಳಿದರು ಎಂಬುದನ್ನೂ ಬರೆಯಿರಿ.