ಮನಸ್ಸಿನ ನೋವಿಗೂ ಮದ್ದುಂಟೆಂದ ಅಬೂ ಝೈದ್ ಅಲ್ ಬಲ್ಖೀ

ಓದುಗರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ನೀವೇನು ಮಾಡುತ್ತೀರಿ? ಹಣೆ ಮುಟ್ಟಿ ನೋಡುತ್ತೀರಿ. ಗಂಜಿ ಮಾಡಿ ಕುಡಿಸುತ್ತೀರಿ. ಎರಡು ದಿನದಲ್ಲಿ ಇಳಿಯದಿದ್ದರೆ ವೈದ್ಯರ ಬಳಿಗೆ ಕರೆದೊಯ್ಯುತ್ತೀರಿ. ನೆರೆಹೊರೆಯವರು ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ಅದೇ ಮನೆಯಲ್ಲಿ ಒಬ್ಬರು ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಬಿಟ್ಟು, ಯಾರೊಂದಿಗೂ ಮಾತನಾಡದೆ ಮೂಲೆಯಲ್ಲಿ ಕುಳಿತುಬಿಟ್ಟರೆ? ಆಗ ನಾವು ಬಾಗಿಲು ಮುಚ್ಚಿಕೊಳ್ಳುತ್ತೇವೆ. ನೆಂಟರಿಗೆ ತಿಳಿದರೇನು ಗತಿ, ಮಗಳ ಮದುವೆಗೆ ಅಡ್ಡಿಯಾದೀತೇ ಎಂದು ಚಿಂತಿಸುತ್ತೇವೆ. ಈಮಾನ್ ದುರ್ಬಲವಾದುದರಿಂದಲೇ ಹೀಗಾಯಿತೆಂದು ಆ ನೊಂದ ಜೀವವನ್ನು ಗದರಿಸುವವರೂ ಇದ್ದಾರೆ.

ದೇಹಕ್ಕೊಂದು, ಮನಸ್ಸಿಗೊಂದು ಎಂಬ ಈ ಎರಡು ಅಳತೆಗೋಲು ತಪ್ಪೆಂದು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬರೆದಿಟ್ಟ ಮುಸ್ಲಿಮ್ ವಿದ್ವಾಂಸರೊಬ್ಬರಿದ್ದರು. ಅವರೇ ಅಬೂ ಝೈದ್ ಅಹ್ಮದ್ ಬಿನ್ ಸಹ್ಲ್ ಅಲ್ ಬಲ್ಖೀ. ಅವರ ಬದುಕನ್ನು ನಾವು ಅರಿಯಬೇಕಾದುದು ಈ ಕಾರಣಕ್ಕಾಗಿಯೇ.

ಇಂದಿನ ಉತ್ತರ ಅಫ್ಘಾನಿಸ್ತಾನದಲ್ಲಿರುವ ಬಲ್ಖ್ ಅಂದು ಖುರಾಸಾನಿನ ಹೆಸರಾಂತ ನಗರ. ಅದರ ಸಮೀಪದ ಶಾಮಿಸ್ತಿಯಾನ್ ಎಂಬ ಹಳ್ಳಿಯಲ್ಲಿ ಸುಮಾರು ಕ್ರಿ.ಶ. 850ರಲ್ಲಿ ಅಬೂ ಝೈದ್ ಹುಟ್ಟಿದರು. ತಂದೆ ಸಿಜಿಸ್ತಾನ್ ಮೂಲದವರು. ಮಕ್ಕಳಿಗೆ ಪಾಠ ಹೇಳುವುದೇ ಅವರ ವೃತ್ತಿ. ಮಗನೂ ಮೊದಲಿಗೆ ಅದೇ ಕೆಲಸ ಮಾಡಿದರು. ಆದರೆ ಜ್ಞಾನದ ಹಸಿವು ಅವರನ್ನು ಹಳ್ಳಿಯಲ್ಲಿ ಇರಗೊಡಲಿಲ್ಲ. ಯೌವನದಲ್ಲಿ ಹಜ್ ಯಾತ್ರಿಕರ ತಂಡವೊಂದರ ಜೊತೆ ಕಾಲ್ನಡಿಗೆಯಲ್ಲೇ ಹೊರಟು ಇರಾಕ್ ಸೇರಿದರು. ಅಲ್ಲಿ ಎಂಟು ವರ್ಷ ನಿಂತು ಅಂದಿನ ಪ್ರಖ್ಯಾತ ತತ್ವಜ್ಞಾನಿ ಅಲ್ ಕಿಂದಿಯವರ ಬಳಿ ಕಲಿತರು. ತತ್ವಶಾಸ್ತ್ರ, ವೈದ್ಯಶಾಸ್ತ್ರ, ಖಗೋಳ, ಧಾರ್ಮಿಕ ವಿದ್ಯೆ ಎಲ್ಲವನ್ನೂ ಅರಗಿಸಿಕೊಂಡು ಹೆರಾತಿನ ಮಾರ್ಗವಾಗಿ ಊರಿಗೆ ಮರಳಿದರು.

ದೊಡ್ಡ ಪದವಿಗಳು ಅವರನ್ನು ಅರಸಿ ಬಂದವು. ಬಲ್ಖನ್ನು ಆಳಲು ಬಂದ ಅಧಿಪತಿಯೊಬ್ಬನು ಅವರಿಗೆ ಮಂತ್ರಿ ಪದವಿಯನ್ನೇ ನೀಡಲು ಮುಂದಾದನು. ಅವರು ಅದನ್ನು ಒಲ್ಲೆನೆಂದು, ಅದಕ್ಕಿಂತ ಕೆಳಗಿನ ಕಾರ್ಯದರ್ಶಿಯ ಕೆಲಸವನ್ನು ಒಪ್ಪಿಕೊಂಡರು. ಮಿತಭಾಷಿಯೂ ಗಂಭೀರರೂ ಆಗಿದ್ದ ಅವರ ಮನಸ್ಸು ಇದ್ದುದು ಬರವಣಿಗೆಯಲ್ಲಿ. ಕುರ್‌ಆನಿನ ಶೈಲಿ ಮತ್ತು ಜೋಡಣೆಯ ಬಗ್ಗೆ ಅವರು ಬರೆದ ಗ್ರಂಥವನ್ನು ಅಂದಿನ ವಿದ್ವಾಂಸರು ಬಹುವಾಗಿ ಮೆಚ್ಚಿದರು. ಭೂಪಟಗಳೊಂದಿಗೆ ಅವರು ರಚಿಸಿದ ಭೂಗೋಳ ಗ್ರಂಥವು ಮುಂದೆ ಒಂದು ಪರಂಪರೆಯನ್ನೇ ಹುಟ್ಟುಹಾಕಿತು.

ಅವರ ಬಗ್ಗೆ ಹಳೆಯ ಗ್ರಂಥಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಖುರಾಸಾನಿನ ಅಮೀರನು ಅವರನ್ನು ಬುಖಾರಾಕ್ಕೆ ಆಹ್ವಾನಿಸಿದನು. ಅಬೂ ಝೈದ್ ಹೊರಟು ಜೈಹೂನ್ ನದಿಯ ದಡ ತಲುಪಿದರು. ಆ ವಿಶಾಲ ನದಿಯ ಅಲೆಗಳನ್ನು ಕಂಡು ಅವರಿಗೆ ದಾಟುವ ಧೈರ್ಯ ಬರಲಿಲ್ಲ. ತನ್ನನ್ನು ಕರೆಸಿಕೊಳ್ಳುವುದು ತನ್ನ ವಿವೇಕಕ್ಕಾಗಿಯಾದರೆ, ಈ ನದಿಯನ್ನು ದಾಟಬೇಡವೆಂದು ಹೇಳುತ್ತಿರುವುದೂ ಅದೇ ವಿವೇಕ ಎಂಬರ್ಥದ ಪತ್ರ ಬರೆದು ಅಲ್ಲಿಂದಲೇ ಮರಳಿದರು. ಈ ಪ್ರಸಂಗ ಕೇಳಿ ನಿಮಗೆ ನಗು ಬರಬಹುದು. ಆದರೆ ಸ್ವಲ್ಪ ಯೋಚಿಸಿ. ಭಯ, ದುಃಖ, ಕೋಪಗಳ ಬಗ್ಗೆ ಬರೆದ ಈ ವಿದ್ವಾಂಸರು ಭಯದ ಪರಿಚಯವಿಲ್ಲದವರಾಗಿರಲಿಲ್ಲ.

ಆ ಗ್ರಂಥದ ಹೆಸರು ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್. ದೇಹಗಳ ಮತ್ತು ಆತ್ಮಗಳ ಹಿತರಕ್ಷಣೆ ಎಂದು ಇದಕ್ಕೆ ಅರ್ಥ ಹೇಳಬಹುದು. ಅದರಲ್ಲಿ ಎರಡು ಭಾಗಗಳಿವೆ. ಮೊದಲನೆಯದರಲ್ಲಿ ವಾಸದ ಮನೆ, ಉಡುಪು, ನೀರು, ಆಹಾರ, ನಿದ್ದೆ, ಸ್ನಾನ, ವ್ಯಾಯಾಮ ಹೀಗೆ ದೇಹಾರೋಗ್ಯದ ವಿಚಾರ. ಎರಡನೆಯ ಭಾಗದ 8 ಅಧ್ಯಾಯಗಳು ಪೂರ್ತಿಯಾಗಿ ಮನಸ್ಸಿಗೆ ಮೀಸಲು. ವೈದ್ಯರು ದೇಹದ ಕಾಯಿಲೆಗಳ ಬಗ್ಗೆಯೇ ಬರೆಯುತ್ತಾರೆ, ಮನಸ್ಸಿನ ಕಾಯಿಲೆಗಳನ್ನು ಬಿಟ್ಟುಬಿಡುತ್ತಾರೆ ಎಂಬ ಕೊರಗು ಅವರಿಗಿತ್ತು. ದೇಹದ ಕೆಲವು ಕಾಯಿಲೆಗಳು ಒಬ್ಬನಿಗೆ ಆಯುಷ್ಯವಿಡೀ ಬಾರದಿರಬಹುದು. ಆದರೆ ದುಃಖ, ಭಯ, ಸಿಟ್ಟು, ಕಾಡುವ ಯೋಚನೆ ಇವು ತಟ್ಟದ ಮನುಷ್ಯನಿಲ್ಲ ಎಂಬುದು ಅವರ ವಾದ. ಮೈ ನೊಂದರೆ ಮನಸ್ಸಿನ ಸುಖ ಹೋಗುತ್ತದೆ, ಮನಸ್ಸು ನೊಂದರೆ ಮೈಯೂ ಸೊರಗುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೇ ನೋಡಿಕೊಳ್ಳಬೇಕೆಂದು ಅವರು ತಿಳಿಸಿದರು.

ದುಃಖದಲ್ಲಿ ಅವರು ಎರಡು ಬಗೆ ಕಂಡರು. ಪ್ರೀತಿಪಾತ್ರರ ಅಗಲಿಕೆ, ಆಸ್ತಿಯ ನಷ್ಟ ಹೀಗೆ ಕಾರಣ ಗೊತ್ತಿರುವ ದುಃಖ ಒಂದು. ಯಾವ ಕಾರಣವೂ ಕಾಣದೆ ಆವರಿಸಿ, ಮನುಷ್ಯನ ಉತ್ಸಾಹವನ್ನೆಲ್ಲ ಹೀರಿಬಿಡುವ ದುಃಖ ಇನ್ನೊಂದು. ಮೊದಲನೆಯದಕ್ಕೆ ಸಾಂತ್ವನ ಮತ್ತು ಸರಿಯಾದ ಚಿಂತನೆಯೇ ಮದ್ದು. ಎರಡನೆಯದರ ಬೇರು ದೇಹದಲ್ಲಿದೆ; ಆದ್ದರಿಂದ ಅದಕ್ಕೆ ವೈದ್ಯರ ಔಷಧಿಯೂ ಬೇಕು, ಜೊತೆಗೆ ಹಿತವಾದ ಮಾತೂ ಬೇಕು. ಆ ದೋಷ ರಕ್ತದಲ್ಲಿದೆಯೆಂದು ಅವರು ತಮ್ಮ ಕಾಲದ ವೈದ್ಯಶಾಸ್ತ್ರವನ್ನು ಅನುಸರಿಸಿ ಹೇಳಿದರು; ಆ ವಿವರಣೆಯನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಕಾರಣವಿಲ್ಲದೆ ಅಳುತ್ತಿರುವವರನ್ನು ನೀವೇಕೆ ಅಳುತ್ತೀರಿ, ನಿಮಗೇನು ಕಡಿಮೆಯಾಗಿದೆ ಎಂದು ಬಯ್ಯುವುದರಲ್ಲಿ ಅರ್ಥವಿಲ್ಲವೆಂಬುದು ಅವರ ಆ ವಿಂಗಡಣೆಯಿಂದ ನಮಗೆ ತಿಳಿಯುವುದಿಲ್ಲವೇ?

ಭಯಕ್ಕೆ ಅವರು ಸೂಚಿಸಿದ ಉಪಾಯವೆಂದರೆ, ಭಯಪಡುವ ವಸ್ತುವಿನ ಬಳಿಗೆ ಮತ್ತೆ ಮತ್ತೆ ಹೋಗಿ ಅದನ್ನು ರೂಢಿ ಮಾಡಿಕೊಳ್ಳುವುದು. ನೆಮ್ಮದಿಯ ದಿನಗಳಲ್ಲೇ ಒಳ್ಳೆಯ ಆಲೋಚನೆಗಳನ್ನು ಮನಸ್ಸಿನಲ್ಲಿ ಸಂಗ್ರಹಿಸಿಡಬೇಕೆಂದೂ ಅವರು ಕಲಿಸಿದರು. ಹಠಾತ್ತನೆ ಬರುವ ಕಾಯಿಲೆಗೆಂದು ಮನೆಯಲ್ಲಿ ಮದ್ದು ಕೂಡಿಡುವಂತೆಯೇ ಇದು.

ಇನ್ನು ಆರೈಕೆ ಮಾಡುವವರು ವಿಶೇಷವಾಗಿ ಗಮನಿಸಬೇಕಾದ ಒಂದು ಮಾತಿದೆ. ಮನಸ್ಸಿನ ಚಿಕಿತ್ಸೆಯಲ್ಲಿ ಒಂದು ಒಳಗಿನಿಂದ ಬರುವಂಥದು, ಅಂದರೆ ರೋಗಿಯ ಸ್ವಂತ ಚಿಂತನೆ. ಇನ್ನೊಂದು ಹೊರಗಿನಿಂದ ಬರುವಂಥದು, ಅಂದರೆ ಇತರರ ಮಾತು ಮತ್ತು ಬುದ್ಧಿವಾದ. ಮನಸ್ಸು ಕದಡಿದವನು ತನ್ನನ್ನು ತಾನೇ ಎತ್ತಿಕೊಳ್ಳಲಾರ. ಆದ್ದರಿಂದ ಕಾಡುವ ಯೋಚನೆಗಳಿಂದ ನರಳುವವನನ್ನು ಒಂಟಿಯಾಗಿ ಬಿಡಬಾರದು, ಕೆಲಸವಿಲ್ಲದೆ ಕೂರಿಸಬಾರದು. ವಸ್‌ವಾಸ್ ಎಂದೊಡನೆ ಶೈತಾನನ ಹೆಸರು ಹೇಳಿ ಸುಮ್ಮನಾಗುವವರು ನಮ್ಮಲ್ಲಿದ್ದಾರೆ. ಅಬೂ ಝೈದ್ ಅದರಲ್ಲಿ ದೇಹದ ಪಾತ್ರವನ್ನೂ ಕಂಡರು, ಅದಕ್ಕೆ ಪರಿಹಾರವಿದೆಯೆಂಬ ಭರವಸೆಯನ್ನೂ ಕೊಟ್ಟರು. ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲವೆಂಬ ಪ್ರವಾದಿವರ್ಯರ(ಸ) ಬೋಧನೆಯಲ್ಲಿ ಮನಸ್ಸಿನ ರೋಗವೂ ಸೇರಿದೆಯಲ್ಲವೇ?

ಕ್ರಿ.ಶ. 934ರಲ್ಲಿ (ಹಿಜರಿ 322) ಅಬೂ ಝೈದ್ ನಿಧನರಾದರು. ಆ ಗ್ರಂಥ ಇಸ್ತಾಂಬುಲಿನ ಅಯಾಸೋಫಿಯಾ ಸಂಗ್ರಹದಲ್ಲಿ ಹಸ್ತಪ್ರತಿಯಾಗಿ ಉಳಿದಿತ್ತು. 1984ರಲ್ಲಿ ಅದರ ಪಡಿಯಚ್ಚು ಫ್ರಾಂಕ್‌ಫರ್ಟಿನಲ್ಲಿ ಪ್ರಕಟವಾಯಿತು. 2013ರಲ್ಲಿ ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿಯವರು ಮನಸ್ಸಿಗೆ ಸಂಬಂಧಿಸಿದ ಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಜಗತ್ತು ಅವರನ್ನು ಮತ್ತೆ ನೆನೆಯಿತು.

ಆದರೆ ಅವರನ್ನು ಹೊಗಳಿ ಹೆಮ್ಮೆಪಟ್ಟರೆ ನಮ್ಮ ಹೊಣೆ ಮುಗಿಯುವುದಿಲ್ಲ. ನಮ್ಮ ದೇಶದಲ್ಲೇ ಆದುದನ್ನು ನೆನೆಯಿರಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿ ಮನೋರೋಗಿಗಳನ್ನು ಇರಿಸಿಕೊಂಡಿದ್ದ ಗುಡಿಸಲೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದುದರಿಂದ ಅವರು ಓಡಲಾಗಲಿಲ್ಲ. 28 ಮಂದಿ ಸತ್ತರು. ಅವರನ್ನು ಅಲ್ಲಿಗೆ ತಂದು ಬಿಟ್ಟ ಕುಟುಂಬಗಳೆಲ್ಲ ಕಲ್ಲೆದೆಯವೆಂದು ಹೇಳಲಾಗದು. ಊರಿನ ಹತ್ತಿರ ವೈದ್ಯರಿಲ್ಲದೆ, ಹೆಗಲು ಕೊಡುವವರಿಲ್ಲದೆ ದಣಿದವರೂ ಅವರಲ್ಲಿದ್ದಿರಬಹುದು.

ಹತ್ತಿರದಲ್ಲೇ ಚಿಕಿತ್ಸೆ ಕೊಡಲು ಸಾಧ್ಯವೆಂಬುದನ್ನು ನಮ್ಮ ಕರ್ನಾಟಕವೇ ತೋರಿಸಿದೆ. 1985ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗ ಚಿಕಿತ್ಸೆಯ ತರಬೇತಿ ಕೊಟ್ಟರು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾನೂನು ನಿಷೇಧಿಸಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸೇವೆಯಲ್ಲಿ 14416ಕ್ಕೆ ಕರೆ ಮಾಡಿ ಉಚಿತವಾಗಿ ಸಲಹೆ ಪಡೆಯಬಹುದು.

ನಿಮ್ಮ ಪಾಲಿಗೆ ಉಳಿದಿರುವುದು ದೊಡ್ಡ ಕೆಲಸವೇನಲ್ಲ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿ, ತಿಳಿದುದನ್ನು ಮೊಹಲ್ಲಾದವರಿಗೂ ತಿಳಿಸಿ. ಮಾತ್ರೆ ಅಲ್ಲಿ ದೊರೆಯದಿದ್ದರೆ ಜಮಾಅತಿನವರು ಒಟ್ಟಾಗಿ ಹೋಗಿ ಕೇಳಿ. ರೋಗಿಗಾಗಿ ದುಆ ಮಾಡಿ, ಜೊತೆಗೆ ಅವರನ್ನು ವೈದ್ಯರ ಬಳಿಗೂ ಕರೆದೊಯ್ಯಿರಿ. ಹಗಲಿರುಳು ಅವರನ್ನು ನೋಡಿಕೊಳ್ಳುವ ತಾಯಿಯೋ ಹೆಂಡತಿಯೋ ಇದ್ದಾರೆ. ವಾರಕ್ಕೊಂದು ದಿನ ನೀವು ಹೋಗಿ ರೋಗಿಯ ಜೊತೆ ಕುಳಿತು ಅವರಿಗೆ ಅಷ್ಟು ಹೊತ್ತು ಬಿಡುವು ಕೊಡಿ. ಜ್ವರ ಬಂದವರನ್ನು ವಿಚಾರಿಸಲು ಹೋಗುವಂತೆ, ಮುಚ್ಚಿದ ಆ ಬಾಗಿಲನ್ನೂ ಒಮ್ಮೆ ತಟ್ಟಿ.