ಲೈಬ್ನಿಟ್ಸ್ ಪಂಡಿತನ ಚರಿತ್ರೆ

ಜರ್ಮನಿ ದೇಶವನ್ನು ಮೂವತ್ತು ವರುಷಗಳ ಯುದ್ಧವು ಹಾಳುಮಾಡಿ ಇನ್ನೇನು ಮುಗಿಯಲಿದ್ದ ದಿವಸಗಳಲ್ಲಿ, ಅಂದರೆ 1646ನೇ ಇಸವಿ ಜುಲೈ 1ನೇ ತಾರೀಖಿನಲ್ಲಿ, ಲೈಪ್ಜಿಗ್ ಪಟ್ಟಣದಲ್ಲಿ ಗೋಟ್‌ಫ್ರೀಡ್ ವಿಲ್ಹೆಲ್ಮ್ ಲೈಬ್ನಿಟ್ಸನು ಹುಟ್ಟಿದನು. ರೋಮನ್ ಕಥೋಲಿಕ ಪ್ರಭುಗಳೂ ಪ್ರೊಟೆಸ್ಟಂಟ್ ಪ್ರಭುಗಳೂ ಒಬ್ಬರ ಮೇಲೊಬ್ಬರು ದಂಡೆತ್ತಿ ಹೋದದ್ದರಿಂದ ಊರುಗಳು ಬರಿದಾಗಿದ್ದವು, ಹೊಲಗಳು ಬೀಳು ಬಿದ್ದಿದ್ದವು. ಒಂದೇ ಸತ್ಯವೇದವನ್ನು ಹಿಡಿದವರು ಒಬ್ಬರನ್ನೊಬ್ಬರು ಕೊಂದಿದ್ದರು. ಈ ಪಂಡಿತನು ಜೀವಮಾನವೆಲ್ಲಾ ಜಗಳವಾಡುವವರನ್ನು ಕೂಡಿಸುವದಕ್ಕೆ ಪಟ್ಟ ಪ್ರಯಾಸಕ್ಕೆ ಮೂಲವು ಇಲ್ಲಿಯೇ ಇದೆ ಎಂದು ನಮಗೆ ತೋರುತ್ತದೆ.

ಪ್ರಿಯ ವಾಚಕರೇ, ನಮ್ಮ ಹಳ್ಳಿಗಳ ಸಭೆಗಳಲ್ಲಿ ಈತನ ಹೆಸರನ್ನು ಕೇಳಿದವರು ಕೊಂಚ ಮಂದಿ. ಆದರೂ ಇಂದು ನಮ್ಮ ಮಕ್ಕಳು ಕೈಯಲ್ಲಿ ಹಿಡಿಯುವ ಫೋನಿನ ಒಳಗೆ ನಡೆಯುವ ಲೆಕ್ಕವೂ, ಇಂಡಿಯಾ ದೇಶಕ್ಕೆ ಮೊದಲನೆಯ ಪ್ರೊಟೆಸ್ಟಂಟ್ ಮಿಶನರಿಗಳು ಬಂದ ಸಂಗತಿಯೂ ಈತನ ಬಾಳಿಗೆ ಹೊಂದಿಕೊಂಡಿವೆ. ಆದಕಾರಣ ಈತನ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಆತನ ತಂದೆಯು ಲೈಪ್ಜಿಗ್ ವಿದ್ಯಾಪೀಠದಲ್ಲಿ ನೀತಿಶಾಸ್ತ್ರವನ್ನು ಕಲಿಸುವ ಉಪಾಧ್ಯಾಯನು, ಲೂಥರನ ಸಭೆಗೆ ಸೇರಿದವನು. ಮಗನಿಗೆ ಆರು ವರುಷವಾಗಿದ್ದಾಗ ತಂದೆ ತೀರಿಕೊಂಡನು. ಮನೆಯಲ್ಲಿ ಉಳಿದ ದೊಡ್ಡ ಆಸ್ತಿ ಆತನ ಪುಸ್ತಕಗಳೇ. ಕೆಲವು ಕಾಲದ ಮೇಲೆ ಆ ಪುಸ್ತಕದ ಕೋಣೆಯ ಬಾಗಿಲನ್ನು ಹುಡುಗನಿಗೆ ತೆರೆದುಕೊಟ್ಟರು. ಚಿತ್ರಗಳಿದ್ದ ಒಂದು ಲತೀನ್ ಚರಿತ್ರೆಯನ್ನು ತೆಗೆದುಕೊಂಡು, ಚಿತ್ರದ ಕೆಳಗಿನ ಮಾತಿಗೆ ಚಿತ್ರವನ್ನೇ ಅರ್ಥವಾಗಿಟ್ಟುಕೊಂಡು, ಯಾರ ಸಹಾಯವೂ ಇಲ್ಲದೆ ಆ ಭಾಷೆಯನ್ನು ಬಿಡಿಸಿ ಕಲಿತನು. 1661ರಲ್ಲಿ ವಿದ್ಯಾಪೀಠಕ್ಕೆ ಸೇರಿದನು. 1666ರಲ್ಲಿ ನ್ಯಾಯಶಾಸ್ತ್ರದ ಡಾಕ್ಟರ್ ಪದವಿಯನ್ನು ಕೇಳಿದಾಗ ವಯಸ್ಸು ಸಾಲದೆಂದು ಅಲ್ಲಿಯವರು ಕೊಡಲಿಲ್ಲ. ಆತನು ಹುಟ್ಟೂರನ್ನು ಬಿಟ್ಟು ಆಲ್ಟ್‌ಡೋರ್ಫಿಗೆ ಹೋಗಿ ಪದವಿಯನ್ನು ಪಡೆದನು. ಅಲ್ಲಿ ಉಪಾಧ್ಯಾಯನಾಗಿರೆಂದು ಕರೆದರೂ ಒಪ್ಪಲಿಲ್ಲ. ಲೋಕದ ನಡುವೆ ಕೆಲಸಮಾಡಬೇಕೆಂಬುದೇ ಆತನ ಮನಸ್ಸು.

ಮೈಂಟ್ಸ್ ಪ್ರಭುವಿನ ಸೇವಕನಾಗಿ ಆತನು 1672ರಲ್ಲಿ ಪಾರಿಸಿಗೆ ಹೋದನು. ಫ್ರಾನ್ಸಿನ ಅರಸನು ಜರ್ಮನಿಯ ಮೇಲೆ ಬರುವದನ್ನು ತಪ್ಪಿಸಲಿಕ್ಕೆ ಅವನ ದಂಡನ್ನು ಐಗುಪ್ತದ ಕಡೆಗೆ ತಿರುಗಿಸಬೇಕೆಂಬ ಉಪಾಯ ಆತನಲ್ಲಿತ್ತು. ಉಪಾಯವು ನಡೆಯಲಿಲ್ಲ, ನಡೆಯದೆ ಹೋದದ್ದೇ ಒಳ್ಳೇದು. ನಮ್ಮ ಮನೆಯ ಬೆಂಕಿಯನ್ನು ನೆರೆಯವನ ಹುಲ್ಲುಬಣವೆಗೆ ಎಸೆಯುವದು ಸಮಾಧಾನವಲ್ಲ. ಆದರೆ ಪಾರಿಸಿನಲ್ಲಿ ಕಳೆದ ನಾಲ್ಕು ವರುಷಗಳು ಆತನಿಗೆ ಬೇರೆ ಫಲವನ್ನು ಕೊಟ್ಟವು. ಹಾಲೆಂಡಿನವನಾದ ಹೊಯಿಗೆನ್ಸ್ ಎಂಬ ಪಂಡಿತನು ಅಲ್ಲಿದ್ದು ಆತನಿಗೆ ಗಣಿತಶಾಸ್ತ್ರದ ಮಾರ್ಗವನ್ನು ತೋರಿಸಿದನು. ಡೊಂಕಾದ ಗೆರೆಯು ಒಂದೊಂದು ಬಿಂದುವಿನಲ್ಲಿ ಎಷ್ಟು ಓರೆಯಾಗಿದೆ, ಅಂಥ ಗೆರೆಯು ಸುತ್ತಿದ ನೆಲದ ಅಳತೆ ಎಷ್ಟು ಎಂಬ ಎರಡು ಪ್ರಶ್ನೆಗಳು ಒಂದೇ ಬೀಗದ ಎರಡು ಬದಿಗಳೆಂದು ಲೈಬ್ನಿಟ್ಸನು 1675ರಲ್ಲಿ ಕಂಡುಕೊಂಡು, ಅದಕ್ಕೆ ತಕ್ಕ ಗುರುತುಗಳನ್ನೂ ಬರೆದಿಟ್ಟನು. ಇದೇ ಕಲನಶಾಸ್ತ್ರ. ಕಾಲೇಜಿನಲ್ಲಿ ಓದುವ ನಮ್ಮ ಹುಡುಗ ಹುಡುಗಿಯರು ಇಂದಿಗೂ ಆ ಗುರುತುಗಳನ್ನೇ ಬರೆಯುತ್ತಾರೆ.

ಅದೇ ಕಾಲದಲ್ಲಿ ಆತನು ಲೆಕ್ಕಮಾಡುವ ಒಂದು ಯಂತ್ರವನ್ನು ಕಟ್ಟಿಸತೊಡಗಿದನು. ಅದಕ್ಕೆ ಮುಂಚೆ ಪಸ್ಕಾಲನೆಂಬ ಫ್ರೆಂಚ್ ಪಂಡಿತನು ಕೂಡಿಸುವ ಕಳೆಯುವ ಯಂತ್ರವನ್ನು ಮಾಡಿದ್ದನು. ಲೈಬ್ನಿಟ್ಸನದು ಗುಣಿಸುವದನ್ನೂ ಭಾಗಿಸುವದನ್ನೂ ಮಾಡತಕ್ಕದ್ದು. ಒಂದು ಉರುಳೆಯ ಮೇಲೆ ಒಂಬತ್ತು ಹಲ್ಲುಗಳು, ಒಂದಕ್ಕಿಂತ ಒಂದು ಉದ್ದ; ಪಕ್ಕದ ಚಕ್ರವು ಎಲ್ಲಿ ನಿಂತಿರುತ್ತದೋ ಅಷ್ಟು ಹಲ್ಲುಗಳು ಮಾತ್ರ ಅದಕ್ಕೆ ತಗಲಿ ಅದನ್ನು ಅಷ್ಟೇ ತಿರುಗಿಸುವವು. 1673ರಲ್ಲಿ ಲಂಡನಿನ ರಾಯಲ್ ಸೊಸೈಟಿಯ ಮುಂದೆ ಅದರ ಮಾದರಿಯನ್ನು ತೋರಿಸಿದಾಗ ಅದು ಇನ್ನೂ ಪೂರ್ತಿಯಾಗಿರಲಿಲ್ಲ. ಆದರೂ ಆತನನ್ನು ಸಂಘಕ್ಕೆ ಸೇರಿಸಿಕೊಂಡರು. ವಿದ್ವಾಂಸರು ದಾಸರಂತೆ ಕೂತು ಕೂಡುವ ಗುಣಿಸುವ ಕೆಲಸದಲ್ಲಿ ಆಯುಷ್ಯವನ್ನು ಕಳೆಯಬಾರದೆಂಬುದು ಆತನ ಎಣಿಕೆ. ಅಷ್ಟೇ ಅಲ್ಲ, ಮನುಷ್ಯರ ಎಲ್ಲಾ ವಿಚಾರಗಳಿಗೂ ಅಂಕೆಗಳಂತೆ ಗುರುತುಗಳನ್ನಿಟ್ಟರೆ, ವಾದಿಸುವ ಇಬ್ಬರು ಕೂಗಾಡುವದಕ್ಕೆ ಬದಲಾಗಿ ಕೂತು ಲೆಕ್ಕಮಾಡಿ ಯಾರದು ಸರಿ ಎಂದು ತಿಳಿದುಕೊಳ್ಳಬಹುದೆಂದು ಆತನು ನಂಬಿದನು. ಮನುಷ್ಯನ ಪಾಪವನ್ನೂ ಹಟವನ್ನೂ ಆತನು ಸ್ವಲ್ಪ ಕಡಿಮೆಯಾಗಿ ಎಣಿಸಿದನೆಂದೇ ಹೇಳಬೇಕು.

1676ರ ಕೊನೆಯಲ್ಲಿ ಹನೋವರಿನ ಪ್ರಭುವಿನ ಬಳಿಯಲ್ಲಿ ಪುಸ್ತಕಶಾಲೆಯ ಅಧಿಕಾರಿಯೂ ಮಂತ್ರಾಲೋಚಕನೂ ಆಗಿ ಸೇರಿದ ಆತನು ನಾಲ್ವತ್ತು ವರುಷ, ಸಾಯುವ ತನಕ, ಆ ಅರಮನೆಯ ಊಳಿಗದಲ್ಲಿದ್ದನು.

ಹನೋವರಿನ ಪ್ರಭುಗಳಿಗೆ ಹಾರ್ಟ್ಸ್ ಬೆಟ್ಟಗಳಲ್ಲಿ ಬೆಳ್ಳಿಯ ಗಣಿಗಳಿದ್ದವು. ಗಣಿಯನ್ನು ಆಳವಾಗಿ ತೋಡಿದಷ್ಟೂ ನೀರು ತುಂಬುವದು. ಅದನ್ನು ಎತ್ತುವ ಪಂಪುಗಳನ್ನು ತೊರೆಯ ನೀರಿನಿಂದ ತಿರುಗುವ ಚಕ್ರಗಳು ನಡಿಸುತ್ತಿದ್ದವು. ಮಳೆಯಿಲ್ಲದ ಕಾಲದಲ್ಲಿ ಕೆರೆಗಳು ಬತ್ತಿದರೆ ಚಕ್ರಗಳು ನಿಲ್ಲುವವು, ಗಣಿಯಲ್ಲಿ ಕೆಲಸ ನಿಲ್ಲುವದು. ನೀರಿಲ್ಲದಾಗ ಗಾಳಿಯಿದೆಯಲ್ಲಾ ಎಂದು ಲೈಬ್ನಿಟ್ಸನು ಯೋಚಿಸಿದನು. ಗಾಳಿಯಂತ್ರಗಳಿಂದ ಪಂಪುಗಳನ್ನು ನಡಿಸಬೇಕೆಂದು 1679ರಲ್ಲಿ ಪ್ರಭುವಿನ ಸಂಗಡ ಒಪ್ಪಂದ ಮಾಡಿಕೊಂಡು ಖರ್ಚಿನ ಒಂದು ಪಾಲನ್ನು ತಾನೇ ಹೊತ್ತನು. ಆಮೇಲೆ ಇನ್ನೊಂದು ಉಪಾಯವು ಹೊಳೆಯಿತು. ಚಕ್ರವನ್ನು ತಿರುಗಿಸಿ ಕೆಳಗೆ ಬಿದ್ದ ನೀರನ್ನು ಗಾಳಿಯ ಬಲದಿಂದ ಮತ್ತೆ ಮೇಲಿನ ಕೆರೆಗೆ ಎತ್ತಿಡುವದು. ಗಾಳಿ ಬೀಸಿದಾಗ ಕೂಡಿಟ್ಟದ್ದನ್ನು ಗಾಳಿ ನಿಂತಾಗ ಬಳಸುವದು. ಇಂದು ಅನೇಕ ದೇಶಗಳಲ್ಲಿ ವಿದ್ಯುತ್ತನ್ನು ಹೀಗೆಯೇ ಎತ್ತರದ ಕೆರೆಯ ನೀರಾಗಿ ಕೂಡಿಡುತ್ತಾರೆ.

ಆದರೆ ಬೆಟ್ಟದ ಗಾಳಿಯು ಆತನ ಲೆಕ್ಕಕ್ಕೆ ಒಳಪಡಲಿಲ್ಲ. ಒಂದು ದಿನ ಸಾಲದು, ಒಂದು ದಿನ ಬಿರುಗಾಳಿ. ಗಣಿಯ ಅಧಿಕಾರಿಗಳಿಗೆ ಹೊರಗಿನ ಪಂಡಿತನ ಮಾತು ರುಚಿಸಲಿಲ್ಲ, ಖರ್ಚೂ ಏರುತ್ತಾ ಬಂತು. ಆತನು ಹನೋವರಿಗೂ ಬೆಟ್ಟಕ್ಕೂ ಅಲೆಯುತ್ತಾ ಒಟ್ಟಾರೆ ಸುಮಾರು ಮೂರು ವರುಷಗಳಷ್ಟು ಕಾಲವನ್ನು ಅಲ್ಲಿ ಕಳೆದನು. 1685ರಲ್ಲಿ ಪ್ರಭುವು ಕೆಲಸವನ್ನು ನಿಲ್ಲಿಸಿಬಿಟ್ಟನು. ಆ ಗಣಿಗಳಿಂದ ಬರುವ ಲಾಭದಲ್ಲಿ ಸಕಲ ವಿದ್ಯೆಗಳಿಗೋಸ್ಕರ ಒಂದು ಸಂಘವನ್ನು ಸ್ಥಾಪಿಸಬೇಕೆಂದಿದ್ದ ಆಶೆಯೂ ಆಗ ಮುರಿಯಿತು.

ನೀರು ಬೀಳುವದನ್ನೂ ಭಾರ ಏಳುವದನ್ನೂ ನೋಡುತ್ತಿದ್ದ ಈತನು ಬಲದ ಅಳತೆಯನ್ನು ಕುರಿತು 1686ರಲ್ಲಿ ಒಂದು ಲೇಖನವನ್ನು ಅಚ್ಚುಮಾಡಿಸಿದನು. ಒಂದು ಸೇರು ತೂಕವನ್ನು ನಾಲ್ಕು ಮೊಳ ಎತ್ತುವದಕ್ಕೂ ನಾಲ್ಕು ಸೇರನ್ನು ಒಂದು ಮೊಳ ಎತ್ತುವದಕ್ಕೂ ಅಷ್ಟೇ ಶ್ರಮ. ನಾಲ್ಕು ಮೊಳದಿಂದ ಬಿದ್ದ ಕಲ್ಲಿನ ವೇಗವೋ ಒಂದು ಮೊಳದಿಂದ ಬಿದ್ದದ್ದರ ಎರಡರಷ್ಟು ಮಾತ್ರ. ಆದ್ದರಿಂದ ಚಲಿಸುವ ವಸ್ತುವಿನ ಬಲವನ್ನು ವೇಗದಿಂದಲ್ಲ, ವೇಗವನ್ನು ವೇಗದಿಂದಲೇ ಗುಣಿಸಿ ಅಳೆಯಬೇಕೆಂದು ತೋರಿಸಿದನು. ಈಗ ಶಕ್ತಿ ಎಂದು ಶಾಲೆಯಲ್ಲಿ ಕಲಿಸುವ ಪಾಠವು ಈ ಮೂಲದಿಂದ ಬೆಳೆಯಿತು. ವಿಶ್ವಾಸದ ನಿಮಿತ್ತ ಫ್ರಾನ್ಸನ್ನು ಬಿಟ್ಟಿದ್ದ ಪಪೆನ್ ಎಂಬ ಸುಧಾರಿತ ಸಭೆಯವನು ಉಗಿಯ ಬಲವನ್ನು ಯಂತ್ರಕ್ಕೆ ಹೂಡಲು ಯತ್ನಿಸುತ್ತಿದ್ದಾಗ, ಲೈಬ್ನಿಟ್ಸನು ಅನೇಕ ವರುಷ ಕಾಗದಗಳನ್ನು ಬರೆದು ಆತನಿಗೆ ಧೈರ್ಯಕೊಟ್ಟನು.

ಅಂಕೆಗಳ ವಿಷಯದಲ್ಲಿ ಆತನು ಕಂಡ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ನಾವು 0 ಮೊದಲಾಗಿ 9ರ ವರೆಗೆ ಹತ್ತು ಅಂಕೆಗಳಿಂದ ಎಣಿಸುತ್ತೇವೆ. 0 ಮತ್ತು 1 ಎಂಬ ಎರಡರಿಂದಲೇ ಎಲ್ಲಾ ಸಂಖ್ಯೆಗಳನ್ನು ಬರೆಯಬಹುದೆಂದು ಆತನು ತೋರಿಸಿದನು. ಎರಡಕ್ಕೆ 10, ಮೂರಕ್ಕೆ 11, ನಾಲ್ಕಕ್ಕೆ 100. ಅಂಗಡಿಯವನ ಬಳಿ 1, 2, 4, 8 ಸೇರಿನ ನಾಲ್ಕೇ ಕಲ್ಲುಗಳಿದ್ದರೆ ಹದಿನೈದು ಸೇರಿನ ತನಕ ಯಾವ ತೂಕವನ್ನಾದರೂ ತೂಗಬಲ್ಲನು. ಹನ್ನೊಂದು ಸೇರಿಗೆ 8, 2, 1 ಇವುಗಳನ್ನಿಟ್ಟು 4ನ್ನು ಬಿಡಬೇಕು. ಇಟ್ಟದ್ದಕ್ಕೆ 1, ಬಿಟ್ಟದ್ದಕ್ಕೆ 0 ಬರೆದರೆ 1011 ಆಗುತ್ತದೆ. ಗೋಲಿಗಳನ್ನು ಉರುಳಿಸಿ ಈ ಲೆಕ್ಕವನ್ನು ಮಾಡುವ ಯಂತ್ರವನ್ನೂ ಆತನು 1679ರಲ್ಲಿಯೇ ಕಾಗದದ ಮೇಲೆ ಯೋಚಿಸಿದ್ದನು. ಇಂದಿನ ಗಣಕಯಂತ್ರಗಳು ಈ ಎರಡು ಅಂಕೆಗಳಿಂದಲೇ ನಡೆಯುತ್ತವೆ. ಆತನಿಗಾದರೋ ಇದರಲ್ಲಿ ಬೇರೊಂದು ಸಂತೋಷವಿತ್ತು. ಏನೂ ಇಲ್ಲದ್ದರೊಳಗಿಂದ ಒಬ್ಬನೇ ದೇವರು ಸಮಸ್ತವನ್ನೂ ಉಂಟುಮಾಡಿದ್ದಕ್ಕೆ 0 ಮತ್ತು 1 ತಕ್ಕ ಸಾದೃಶ್ಯವೆಂದು 1697ರಲ್ಲಿ ವೋಲ್ಫನ್‌ಬ್ಯೂಟೆಲಿನ ಪ್ರಭುವಿಗೆ ಹೊಸ ವರುಷದ ಶುಭಾಶಯದೊಡನೆ ಬರೆದು, ಅದನ್ನು ತೋರಿಸುವ ಪದಕವೊಂದನ್ನು ಹೊಯ್ಯಿಸಬಹುದೆಂದು ಸೂಚಿಸಿದನು.

ನೀತಿಯ ವಿಷಯದಲ್ಲಿಯೂ ಆತನ ಬೋಧನೆ ನೆನಪಿಡತಕ್ಕದ್ದು. ನ್ಯಾಯವೆಂದರೆ ದೊರೆಯ ಆಜ್ಞೆಯಲ್ಲ, ಬಲಿಷ್ಠನ ಇಷ್ಟವೂ ಅಲ್ಲ. ಜ್ಞಾನಿಯ ಪ್ರೀತಿಯೇ ನ್ಯಾಯವೆಂದನು. ಪ್ರೀತಿ ಯಾವದೆಂದರೆ ಮತ್ತೊಬ್ಬನ ಸುಖವನ್ನು ಕಂಡು ತಾನು ಸಂತೋಷಪಡುವದು. ದೇವರು ಒಳ್ಳೆಯವನಾಗಿದ್ದರೆ ಲೋಕದಲ್ಲಿ ಕೇಡು ಯಾಕೆಂಬ ಪ್ರಶ್ನೆಗೆ 1710ರಲ್ಲಿ ದೊಡ್ಡ ಗ್ರಂಥವನ್ನು ಬರೆದನು. ದೇವರು ಆರಿಸಿದ ಈ ಲೋಕವೇ ಆಗಬಹುದಾದ ಲೋಕಗಳಲ್ಲೆಲ್ಲಾ ಉತ್ತಮವಾದದ್ದೆಂಬ ಆ ವಾದವನ್ನು ಮುಂದೆ ಕೆಲವರು ಪರಿಹಾಸ್ಯ ಮಾಡಿದರು. ಮಗುವನ್ನು ಮಣ್ಣುಮಾಡಿ ಬಂದ ತಾಯಿಗೆ ಅಂಥ ವಾದದಿಂದ ಆದರಣೆ ಸಿಕ್ಕುವದು ಕಷ್ಟವೇ.

ಸಭೆಗಳನ್ನು ಒಂದುಗೂಡಿಸುವ ಕೆಲಸದಲ್ಲಿ ಆತನು ಎಷ್ಟು ಕಾಗದಗಳನ್ನು ಬರೆದನೋ! ರೋಮನ್ ಸಭೆಯ ಬೊಸ್ಸುಯೆ ಎಂಬ ಬಿಷಪನೊಡನೆಯೂ, ಬರ್ಲಿನಿನಲ್ಲಿ ಸುಧಾರಿತ ಸಭೆಯ ಅರಮನೆ ಬೋಧಕನಾದ ಯಬ್ಲೋನ್ಸ್ಕಿಯೊಡನೆಯೂ ವರುಷಗಟ್ಟಳೆ ಮಾತಾಡಿದನು. ಒಂದೂ ಕೈಗೂಡಲಿಲ್ಲ. 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯು ಕೂಡುವದಕ್ಕೆ ಎಷ್ಟು ವರುಷ ಹಿಡಿಯಿತೆಂದು ಬಲ್ಲ ನಮ್ಮ ಹಿರಿಯರಿಗೆ ಇದು ಆಶ್ಚರ್ಯವಲ್ಲ. ಪ್ರಶ್ಯ ದೇಶದಲ್ಲಿ ಲೂಥರನ ಸಭೆಯೂ ಸುಧಾರಿತ ಸಭೆಯೂ ಒಂದಾದದ್ದು 1817ರಲ್ಲಿ, ಆತನು ಸತ್ತು ನೂರು ವರುಷಗಳು ಕಳೆದ ಮೇಲೆ.

ರೋಮನ್ ಸಭೆಯವರ ಸಂಗಡ ಇಷ್ಟು ಸ್ನೇಹದಿಂದಿದ್ದವನಿಗೆ 1689ರಲ್ಲಿ ಒಂದು ಶೋಧನೆ ಬಂತು. ಅರಮನೆಯ ವಂಶಚರಿತ್ರೆಗೆ ಬೇಕಾದ ಪತ್ರಗಳನ್ನು ಹುಡುಕುತ್ತಾ ರೋಮಾಪುರಕ್ಕೆ ಹೋಗಿದ್ದಾಗ, ಪೋಪನ ಮಹಾ ಪುಸ್ತಕಶಾಲೆಯ ಅಧಿಕಾರವನ್ನು ಆತನಿಗೆ ಕೊಡುವ ಮಾತು ಎದ್ದಿತು. ಪುಸ್ತಕಗಳಿಗಾಗಿ ಪ್ರಾಣ ಬಿಡುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಪದವಿ ಭೂಮಿಯ ಮೇಲೆ ಇರಲಿಲ್ಲ. ನಿಬಂಧನೆ ಒಂದೇ, ಆತನು ರೋಮನ್ ಸಭೆಗೆ ಸೇರಬೇಕು. ಆತನು ಒಪ್ಪಲಿಲ್ಲ. ತಾನು ನಿಜವೆಂದು ಕಂಡದ್ದನ್ನು ಮತ್ತೊಬ್ಬರ ಅಪ್ಪಣೆಯಿಂದ ಸುಳ್ಳೆಂದು ಹೇಳಬೇಕಾಗುವ ಸ್ಥಳಕ್ಕೆ ಹೋಗಲಾರೆನೆಂಬುದು ಆತನ ನಿಶ್ಚಯ. ಉದ್ಯೋಗಕ್ಕಾಗಿ, ಜಮೀನಿಗಾಗಿ, ಒಂದು ಸಂಬಂಧಕ್ಕಾಗಿ ಹೆಸರನ್ನು ಬದಲಾಯಿಸಿಕೊಳ್ಳಬೇಕೆಂಬ ಒತ್ತಾಯವನ್ನು ಅನುಭವಿಸಿದವರು ನಮ್ಮ ವಾಚಕರಲ್ಲಿಯೂ ಇದ್ದಾರೆ. ಅವರಿಗೆ ಇದರ ಬೆಲೆ ಗೊತ್ತು.

ಚೀನಾ ದೇಶದಲ್ಲಿದ್ದ ಜೆಸ್ಯುಯಿಟ್ ಪಾದ್ರಿಗಳಿಂದ ಆತನಿಗೆ ಸಮಾಚಾರಗಳು ಬರುತ್ತಿದ್ದವು. ಅವುಗಳನ್ನು ಕೂಡಿಸಿ 1697ರಲ್ಲಿ ಒಂದು ಪುಸ್ತಕವನ್ನು ಹೊರಡಿಸಿ, ದಿನದ ನಡತೆಯಲ್ಲಿ ಚೀನದವರು ಯುರೋಪಿನವರಿಗಿಂತ ಮೇಲಾಗಿದ್ದಾರೆಂದೂ, ಪ್ರೊಟೆಸ್ಟಂಟರು ಸುಮ್ಮನೆ ಕೂತಿರದೆ ತಾವೂ ಬೋಧಕರನ್ನು ದೂರದೇಶಗಳಿಗೆ ಕಳುಹಿಸಬೇಕೆಂದೂ ಬರೆದನು. ಆ ಪುಸ್ತಕವನ್ನು ಹಾಲೆ ಪಟ್ಟಣದ ಅನಾಥಶಾಲೆಯ ಸ್ಥಾಪಕನಾದ ಫ್ರಾಂಕೆಯು ಓದಿ ಆತನಿಗೆ ಕಾಗದ ಬರೆದನು. 1700ರಲ್ಲಿ ಬರ್ಲಿನಿನಲ್ಲಿ ಸ್ಥಾಪಿತವಾದ ವಿದ್ಯಾಸಂಘಕ್ಕೆ ಲೈಬ್ನಿಟ್ಸನು ಮೊದಲನೆಯ ಅಧ್ಯಕ್ಷನಾದಾಗ, ವಿದ್ಯೆಯ ಸಂಗಡ ಸುವಾರ್ತೆಯನ್ನು ಹಬ್ಬಿಸುವದನ್ನೂ ಅದರ ಉದ್ದೇಶಗಳಲ್ಲಿ ಸೇರಿಸಿದನು. ಸಂಘವು ಯಾರನ್ನೂ ಕಳುಹಿಸಲಿಲ್ಲ. ಆದರೆ ಫ್ರಾಂಕೆಯ ಹಾಲೆಯಲ್ಲಿ ಓದಿದ ಸೀಗನ್‌ಬಾಲ್ಗನೂ ಪ್ಲ್ಯೂಟ್ಶೌನೂ ಡೆನ್ಮಾರ್ಕಿನ ಅರಸನಿಂದ ಕಳುಹಿಸಲ್ಪಟ್ಟು 1706ನೇ ಜುಲೈ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಇಳಿದರು. ಲೈಬ್ನಿಟ್ಸನೇ ಅವರನ್ನು ಕಳುಹಿಸಿದನೆಂದು ನಾವು ಹೇಳುವದಿಲ್ಲ. ಹೊಲವನ್ನು ಉತ್ತವರಲ್ಲಿ ಆತನೊಬ್ಬನು.

ಕಡೇ ವರುಷಗಳು ಕಹಿಯಾದವು. ಕಲನಶಾಸ್ತ್ರವನ್ನು ಆತನು 1684ರಲ್ಲಿ ಮೊದಲು ಅಚ್ಚುಹಾಕಿಸಿದ್ದನು. ಇಂಗ್ಲಂಡಿನ ನ್ಯೂಟನನು ಅದನ್ನು ಅದಕ್ಕೂ ಮುಂಚೆ ಕಂಡುಕೊಂಡಿದ್ದರೂ ಪ್ರಕಟಿಸಿರಲಿಲ್ಲ. ಕಳ್ಳತನದ ಮಾತು ಹುಟ್ಟಿ, 1712ರಲ್ಲಿ ರಾಯಲ್ ಸೊಸೈಟಿಯು ಲೈಬ್ನಿಟ್ಸನಿಗೆ ವಿರೋಧವಾಗಿ ತೀರ್ಪುಕೊಟ್ಟಿತು. ಆ ಸಂಘದ ಅಧ್ಯಕ್ಷನು ನ್ಯೂಟನನೇ. ತೀರ್ಪಿನ ಬರಹವೂ ಬಹುಪಾಲು ಅವನದೇ. ಇಬ್ಬರೂ ಬೇರೆಬೇರೆಯಾಗಿ ಕಂಡುಕೊಂಡರೆಂದು ಈಗ ವಿದ್ವಾಂಸರು ಒಪ್ಪುತ್ತಾರೆ. 1714ರಲ್ಲಿ ಹನೋವರಿನ ಪ್ರಭುವು ಇಂಗ್ಲಂಡಿಗೆ ಅರಸನಾಗಿ ಹೋದಾಗ, ವಂಶಚರಿತ್ರೆಯನ್ನು ಮುಗಿಸುವ ತನಕ ಈ ಮುದುಕನು ಹನೋವರಿನಲ್ಲಿಯೇ ಇರಬೇಕೆಂದಾಯಿತು. ಚರಿತ್ರೆಯು 1005ನೇ ಇಸವಿಗೆ ಬಂದು ಅಲ್ಲಿಯೇ ನಿಂತಿತು.

ಆತನು ದೇವಾಲಯಕ್ಕೆ ಹೋಗುವದು ಅಪರೂಪ. ಇದನ್ನು ಮುಚ್ಚಿಡುವದು ನಮಗೆ ಸರಿತೋರುವದಿಲ್ಲ. ಊರವರು ಆತನ ಹೆಸರನ್ನು ತಿರುಚಿ, ಏನನ್ನೂ ನಂಬದವನೆಂಬ ಅರ್ಥ ಬರುವಂತೆ ಕರೆಯುತ್ತಿದ್ದರು. ದೇವರಿಗೋಸ್ಕರ ಸಾವಿರ ಹಾಳೆಗಳನ್ನು ಬರೆದವನು ನೆರೆಯವರ ಸಂಗಡ ಒಂದೇ ಬೆಂಚಿನಲ್ಲಿ ಕೂತು ಪ್ರಾರ್ಥಿಸಿದ್ದರೆ ಆ ಹೆಸರು ಹುಟ್ಟುತ್ತಿರಲಿಲ್ಲ. 1716ನೇ ನವೆಂಬರ್ 14ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಮದುವೆಯಿಲ್ಲದೆ ಮಕ್ಕಳಿಲ್ಲದೆ, ಬೋಧಕನನ್ನು ಕರೆಸದೆ ಆತನು ತೀರಿಕೊಂಡನು. ಶವಸಂಸ್ಕಾರವನ್ನು ನಡಿಸಿದವನು ಆತನ ಲೇಖಕನಾದ ಎಕ್‌ಹಾರ್ಟನು. ಅರಮನೆಯವರು ಬರಲಿಲ್ಲ. ಸಮಾಧಿಯ ಮೇಲೆ ಬಹು ಕಾಲದ ತನಕ ಹೆಸರಿರಲಿಲ್ಲ.

ರಾಜ್ಯದ ಗುಟ್ಟುಗಳಿದ್ದಾವೆಂದು ಭಯಪಟ್ಟು ಅರಮನೆಯವರು ಆತನ ಕಾಗದಗಳೆಲ್ಲವನ್ನೂ ವಶಪಡಿಸಿಕೊಂಡದ್ದರಿಂದಲೇ ಅವು ಚದರದೆ ಉಳಿದವು. ಸುಮಾರು 15,000 ಪತ್ರಗಳು ಅವುಗಳಲ್ಲಿವೆ. 1923ರಿಂದ ಸಂಪುಟಗಳಾಗಿ ಅಚ್ಚಾಗುತ್ತಿರುವ ಆ ಬರಹಗಳು ಇನ್ನೂ ಮುಗಿದಿಲ್ಲ. ಲೆಕ್ಕದ ಯಂತ್ರವನ್ನು ದುರಸ್ತಿಗೆಂದು ಗೋಟಿಂಗನ್ ಪಟ್ಟಣಕ್ಕೆ ಕಳುಹಿಸಿ ಮರೆತುಬಿಟ್ಟರು. 1879ರಲ್ಲಿ ಅಲ್ಲಿಯ ವಿದ್ಯಾಪೀಠದ ಮಾಡನ್ನು ರಿಪೇರಿ ಮಾಡುತ್ತಿದ್ದ ಕೆಲಸಗಾರರಿಗೆ ಅದು ಅಟ್ಟದ ಮೂಲೆಯಲ್ಲಿ ಸಿಕ್ಕಿತು. ಈಗ ಅದು ಹನೋವರಿನಲ್ಲಿ, ಆತನ ಹೆಸರಿನ ಪುಸ್ತಕಶಾಲೆಯಲ್ಲಿ ಇದೆ.