ಹಾಡಿನಿಂದ ಹುಟ್ಟಿದ ಹೆಸರು

ಕವಿಗಳು ಕಾವ್ಯನಾಮವನ್ನಿಟ್ಟುಕೊಳ್ಳುವುದು ನಮ್ಮಲ್ಲಿ ಹೊಸತಲ್ಲ. ಆದರೆ ತಾನೇ ಕಟ್ಟಿದ ಹಾಡಿನ ಒಳಗಿನಿಂದ ಹೆಸರೊಂದನ್ನು ಎತ್ತಿಕೊಂಡು, ಹುಟ್ಟುಹೆಸರನ್ನು ಅದರ ಹಿಂದೆ ಮರೆಮಾಡಿ ಬಾಳಿದವರು ವಿರಳ. ಕ್ವೀನ್ ಎಂಬ ಇಂಗ್ಲಿಷ್ ರಾಕ್ ವಾದ್ಯವೃಂದದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಅಂಥವನು. 1973ರಲ್ಲಿ ಹೊರಬಂದ ಆ ವೃಂದದ ಮೊದಲ ಧ್ವನಿಮುದ್ರಿಕೆಯನ್ನು ಮುಂದಿನ ಕೀರ್ತಿಗೆ ಬರೆದ ಮುನ್ನುಡಿಯೆಂದಷ್ಟೇ ಎಣಿಸುವವರು ಹೆಚ್ಚು. ನನಗೆ ಅದು ಹಾಗೆ ಕೇಳಿಸುವುದಿಲ್ಲ. ಆತನ ಮೊದಲ ಇಪ್ಪತ್ತಾರು ವರ್ಷಗಳ ಬಾಳು ಅದರಲ್ಲಿ ವೇಷ ಮರೆಸಿಕೊಂಡು ಕುಳಿತಿದೆ.

1946ರ ಸೆಪ್ಟೆಂಬರ್ 5ರಂದು ಆಫ್ರಿಕದ ಪೂರ್ವತೀರದ ಜಾಂಜಿಬಾರ್ ದ್ವೀಪದಲ್ಲಿ, ಪಾರಸಿ ಮನೆಯೊಂದರಲ್ಲಿ ಆತ ಹುಟ್ಟಿದ. ಇಟ್ಟ ಹೆಸರು ಫರೋಖ್ ಬುಲ್ಸಾರಾ. ಮನೆತನದ ಹೆಸರಿನಲ್ಲಿ ಗುಜರಾತಿನ ಬಲ್ಸಾರ್ ಊರಿನ ನೆನಪುಂಟು. ತಂದೆ ಬೊಮಿ ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ ಕ್ಯಾಷಿಯರಾಗಿದ್ದರು. ಎಂಟರ ಹರೆಯದ ಹುಡುಗನನ್ನು ಕಡಲಾಚೆ ಸಹ್ಯಾದ್ರಿಯ ಮೇಲಿನ ಪಂಚಗಣಿಗೆ, ಸೇಂಟ್ ಪೀಟರ್ಸ್ ಶಾಲೆಯ ವಸತಿಗೃಹಕ್ಕೆ ಕಳುಹಿಸಿದರು. ಅಲ್ಲಿ ಪಿಯಾನೊ ಕಲಿತ. ಗೆಳೆಯರೊಡನೆ ಹೆಕ್ಟಿಕ್ಸ್ ಎಂಬ ಪುಟ್ಟ ತಂಡ ಕಟ್ಟಿದ. ಫ್ರೆಡ್ಡಿ ಎನ್ನಿಸಿಕೊಂಡದ್ದೂ ಅಲ್ಲಿಯೇ. ಓದು ಮುಗಿಸಿ ದ್ವೀಪಕ್ಕೆ ಮರಳಿದ ಹೊಸತರಲ್ಲಿ, 1964ರ ಜನವರಿಯಲ್ಲಿ, ಜಾಂಜಿಬಾರಿನಲ್ಲಿ ರಕ್ತಕ್ರಾಂತಿಯಾಯಿತು. ಕುಟುಂಬವು ಮನೆಮಠ ಬಿಟ್ಟು ಲಂಡನ್ನಿನ ಹೊರವಲಯದ ಫೆಲ್ಥಮ್‌ಗೆ ಓಡಿಬಂದಿತು. ಹದಿನೇಳು ವರ್ಷಕ್ಕೆ ಎರಡು ಬಾರಿ ಊರು ತಪ್ಪಿದ ಹುಡುಗ!

ಮುಂದೆ ಈಲಿಂಗ್ ಕಲಾಶಾಲೆಯಲ್ಲಿ ಚಿತ್ರವಿನ್ಯಾಸದ ವ್ಯಾಸಂಗ, ಕೆನ್ಸಿಂಗ್ಟನ್ ಮಾರುಕಟ್ಟೆಯಲ್ಲಿ ಬಟ್ಟೆಬರೆಗಳ ಅಂಗಡಿ. 1970ರಲ್ಲಿ ಗಿಟಾರ್ ವಾದಕ ಬ್ರಯನ್ ಮೇ, ಡ್ರಮ್ಸಿನ ರಾಜರ್ ಟೇಲರ್ ಇವರನ್ನು ಕೂಡಿಕೊಂಡು ವೃಂದಕ್ಕೆ ಕ್ವೀನ್ ಎಂಬ ಹೆಸರು ಸೂಚಿಸಿದವನು ಈತನೇ. ಮರುವರ್ಷ ಜಾನ್ ಡೀಕನ್ ಬಂದು ನಾಲ್ವರಾದರು. ವೃಂದದ ಲಾಂಛನವನ್ನು ಈತ ನಾಲ್ವರ ಜನ್ಮರಾಶಿಗಳಿಂದ ರಚಿಸಿದ: ಎರಡು ಸಿಂಹ, ಒಂದು ಕರ್ಕಾಟಕ, ತನ್ನ ಕನ್ಯಾರಾಶಿಗೆ ಎರಡು ಯಕ್ಷಿಣಿಯರು. ಯಕ್ಷಿಣಿಯರ ಮಾತು ಮತ್ತೆ ಬರಲಿದೆ.

ಮೊದಲ ಮುದ್ರಿಕೆ ಸಿದ್ಧವಾದ ಬಗೆ ವಿಚಿತ್ರ. ಲಂಡನ್ನಿನ ಸೋಹೋ ಬಡಾವಣೆಯ ಟ್ರೈಡೆಂಟ್ ಸ್ಟುಡಿಯೋದಲ್ಲಿ ಹೆಸರುವಾಸಿಗಳು ಹಣ ತೆತ್ತು ಹಾಡಿ ಹೋದ ಮೇಲೆ ಉಳಿದ ಹೊತ್ತು ಇವರ ಪಾಲು; ಅದು ಅನೇಕ ವೇಳೆ ನಡುರಾತ್ರಿ. 1972ರಲ್ಲಿ ಹೀಗೆ ಹೊತ್ತುಹೊತ್ತಿಗೆ ಹೆಕ್ಕಿ ಕೂಡಿಸಿದ ಹಾಡುಗಳು ಇಎಂಐ ಕಂಪನಿಯಿಂದ ಹೊರಬಿದ್ದದ್ದು 1973ರ ಜುಲೈ 13ರಂದು. ಸಿಂಥಸೈಜರ್ ಯಂತ್ರವನ್ನು ಯಾರೂ ನುಡಿಸಿಲ್ಲವೆಂದು ಹೊದಿಕೆಯ ಮೇಲೆ ಅಚ್ಚು ಹಾಕಿಸಿದ್ದರು. ಬಡವರ ಸ್ವಾಭಿಮಾನ ಅದು.

ಮೊದಲ ಹಾಡು ಬ್ರಯನ್ ಮೇ ಬರೆದ ‘ಕೀಪ್ ಯುವರ್‌ಸೆಲ್ಫ್ ಅಲೈವ್’. ಮೇ ತನ್ನ ತಂದೆಯೊಡನೆ ಮನೆಯಲ್ಲೇ, ಹಳೆಯ ಅಗ್ಗಿಷ್ಟಿಕೆಯ ಮರವನ್ನು ಬಳಸಿ ಮಾಡಿಕೊಂಡ ಗಿಟಾರು ಅಲ್ಲಿ ಕೆನೆಯುತ್ತದೆ. ಬಿಡಿಯಾಗಿ ಹೊರಬಂದ ಆ ಹಾಡನ್ನು ಅಂದು ಕೊಳ್ಳುವವರಿರಲಿಲ್ಲ; ಇಂದು ಮುದ್ರಿಕೆಯ ಉತ್ತಮ ಹಾಡೆಂದು ಅದನ್ನೇ ಹೊಗಳುತ್ತಾರೆ. ಕಸುಬಿನ ದೃಷ್ಟಿಯಿಂದ ಒಪ್ಪತಕ್ಕ ಮಾತು. ಫ್ರೆಡ್ಡಿಯ ‘ಲಯರ್’ ಆರು ನಿಮಿಷಕ್ಕೂ ಮೀರಿದ ತಪ್ಪೊಪ್ಪಿಗೆ. ತಮಟೆಯ ಬಡಿತ, ಮೇಳದ ಕೂಗು, ಮತ್ತೆ ಒಂಟಿದನಿ ಎಂದು ನಾಟಕದ ಅಂಕಗಳಂತೆ ಮಗ್ಗುಲು ಬದಲಿಸುತ್ತದೆ. 1975ರ ‘ಬೊಹಿಮಿಯನ್ ರ್‍ಯಾಪ್ಸಡಿ’ಯ ಬೀಜ ಇಲ್ಲಿದೆ ಎನ್ನಬಹುದು.

ಆದರೆ ನನ್ನ ಮನಸ್ಸು ನಿಲ್ಲುವುದು ‘ಮೈ ಫೇರಿ ಕಿಂಗ್’ ಎಂಬ ನಾಲ್ಕನೆಯ ಹಾಡಿನಲ್ಲಿ. ಇದರಲ್ಲಿ ಫ್ರೆಡ್ಡಿಯ ಪಿಯಾನೊ ಮೈತುಂಬಿ ನುಡಿಯುತ್ತದೆ. ಬ್ರೌನಿಂಗ್ ಕವಿಯ ಕೊಳಲುಗಾರನ ಕಥೆಯನ್ನು ಕುವೆಂಪು ಅವರು ಬೊಮ್ಮನಹಳ್ಳಿಗೆ ಕರೆತಂದು ಕಿಂದರಿಜೋಗಿಯಾಗಿಸಿದುದನ್ನು ಬಲ್ಲೆವು. ಹದ್ದಿನ ರೆಕ್ಕೆಯ ಕುದುರೆಗಳು, ಕೊಂಡಿಯಿಲ್ಲದ ಜೇನುನೊಣಗಳು ಇರುವ ಫ್ರೆಡ್ಡಿಯ ಮಾಯಾರಾಜ್ಯ ಬ್ರೌನಿಂಗನ ಆ ಕವಿತೆಯಿಂದಲೇ ಬಂದದ್ದು. ಅಲ್ಲಿ ಆ ನಾಡನ್ನು ಬಣ್ಣಿಸುವವನು ಯಾರು? ಉಳಿದ ಮಕ್ಕಳೆಲ್ಲ ಬೆಟ್ಟದೊಳಗೆ ಹೋದಾಗ ಕಾಲು ಸಾಗದೆ ಹೊರಗುಳಿದ ಕುಂಟ ಹುಡುಗ. ಬಾಗಿಲು ಮುಚ್ಚಿದ ನಾಡಿನ ಸುದ್ದಿಯನ್ನು ಹೊರಗೆ ನಿಂತವನು ಹೇಳುತ್ತಾನೆ. ಜಾಂಜಿಬಾರಿನಿಂದ ಓಡಿಬಂದವನ ಕಣ್ಣು ಬೇರೆ ಯಾವ ಸಾಲಿನ ಮೇಲೆ ಬಿದ್ದೀತು? ಆತ ಆ ನಾಡನ್ನು ಬಣ್ಣಿಸಿ ಸುಮ್ಮನಾಗಲಿಲ್ಲ. ಹಾಡು ಮುಂದುವರಿದಂತೆ ರಾಜ್ಯಕ್ಕೆ ಮನುಷ್ಯರ ಕೈ ಸೋಕುತ್ತದೆ, ಎಲ್ಲವೂ ಕೆಡುತ್ತದೆ, ದನಿ ಆರ್ತವಾಗುತ್ತದೆ. ಕೊನೆಗೆ ಮರ್ಕ್ಯುರಿ ಎಂಬ ತಾಯಿಗೆ ಮೊರೆ. ಆ ತಾಯಿ ತನ್ನ ತಾಯಿಯೇ, ಆದ್ದರಿಂದ ತಾನಿನ್ನು ಮರ್ಕ್ಯುರಿಯಾಗುವೆನೆಂದು ಫ್ರೆಡ್ಡಿ ಹೇಳಿದನೆಂಬುದು ಬ್ರಯನ್ ಮೇ ಅವರ ನೆನಪು. ತಂದೆಯ ಕಡೆಯ ಹೆಸರು ಹೋಯಿತು. ತಾಯಿಯನ್ನು ಕೂಗಿದ ಕೂಗು ಹೆಸರಾಯಿತು. ಹೆಸರು ಬದಲಿಸಿದ್ದು ಹುಟ್ಟನ್ನು ಮುಚ್ಚಿಡಲೆಂದು ಹೇಳುವವರು ಈ ಹಾಡನ್ನು ಕೇಳಬೇಕು.

ಮುಂದಿನ ಕಥೆ ಲೋಕಕ್ಕೆ ಗೊತ್ತು. ಮೊದಲ ಮುದ್ರಿಕೆಯ ಕೊನೆಯಲ್ಲಿ ತುಣುಕಾಗಿ ನಿಂತ ‘ಸೆವೆನ್ ಸೀಸ್ ಆಫ್ ರೈ’ 1974ರಲ್ಲಿ ಪೂರ್ಣಗೊಂಡು, ಬ್ರಿಟನ್ನಿನ ಪಟ್ಟಿಯಲ್ಲಿ ಹತ್ತನೆಯದಾಯಿತು. 1985ರಲ್ಲಿ ವೆಂಬ್ಲಿ ಮೈದಾನದ ಲೈವ್ ಏಡ್ ಮೇಳ ನಡೆದದ್ದೂ ಜುಲೈ 13ರಂದೇ. 1991ರ ನವೆಂಬರ್ 24ರಂದು, ಏಡ್ಸ್ ತನಗಿದೆಯೆಂದು ಪ್ರಕಟಿಸಿದ ಮರುದಿನವೇ, ನಲವತ್ತೈದನೆಯ ವಯಸ್ಸಿನಲ್ಲಿ ಆತ ತೀರಿಕೊಂಡ. ಅಂತ್ಯವಿಧಿಯನ್ನು ಪಾರಸಿ ಪುರೋಹಿತರು ನಡೆಸಿದರು.

ಆ ಮೊದಲ ಮುದ್ರಿಕೆಯಿಂದ ಆತನದೇ ಒಂದು ಹಾಡು, ‘ಮ್ಯಾಡ್ ದ ಸ್ವೈನ್’, 1973ರಲ್ಲಿ ಬಿಟ್ಟುಹೋಗಿತ್ತು. 2024ರಲ್ಲಿ ಮುದ್ರಿಕೆಯನ್ನು ಹೊಸದಾಗಿ ಹೊಂದಿಸಿ ತಂದಾಗ ಅದನ್ನು ಮರಳಿ ಸೇರಿಸಿದ್ದಾರೆ. ‘ಮೈ ಫೇರಿ ಕಿಂಗ್’ಗೆ ಸರಿಯಾಗಿ ಮುಂಚೆ ಈಗ ಅದು ಕೇಳಿಬರುತ್ತದೆ.